ಬರೆಯದೆ ಹೇಳಿದ್ದನ್ನು ಓದುವುದು ಹೇಗೆ: ಕೊಡಗಿನ ಓದುಗರಿಗೊಂದು ಮಾರ್ಗದರ್ಶಿ

ಆಟಿ ತಿಂಗಳ ಮಳೆಗೆ ಮಡಿಕೇರಿಯಲ್ಲಿ ಕರೆಂಟು ಹೋದರೆ ಎರಡು ದಿನ ಬಾರದಿರುವುದೂ ಉಂಟು. ಅಂಥ ದಿನಗಳಲ್ಲಿ ಕಿಟಕಿಯ ಬಳಿ ಕುಳಿತು ಅಮ್ಮನಿಗೆ ಪತ್ರಿಕೆ ಓದಿ ಹೇಳುತ್ತೇನೆ. ಅವರ ಕಣ್ಣಿಗೆ ಪೊರೆ ಬಂದಿದೆ, ಕಿವಿ ಮಾತ್ರ ಚುರುಕು. ಕಳೆದ ಮಳೆಗಾಲದಲ್ಲಿ ಒಂದು ಸಣ್ಣ ಸುದ್ದಿ ಓದಿದೆ: ‘ರಸ್ತೆ ಅಗಲೀಕರಣದ ಹಿನ್ನೆಲೆಯಲ್ಲಿ ಮರಗಳನ್ನು ತೆರವುಗೊಳಿಸಲಾಗಿದೆ.’ ಅಮ್ಮ ಕೇಳಿದರು, “ಕಡಿದವರು ಯಾರು?” ನಾನು ಮತ್ತೆ ನೋಡಿದೆ. ಹೆಸರಿಲ್ಲ. “ಎಷ್ಟು ಮರ?” ಅದೂ ಇಲ್ಲ. “ಮತ್ತೆ ಅಷ್ಟುದ್ದ ಏನು ಬರೆದಿದ್ದಾರೆ?” ಉಳಿದ ಸಾಲುಗಳಲ್ಲಿ ರಸ್ತೆಯಿಂದ ಆಗುವ ಅನುಕೂಲಗಳಿದ್ದವು.

ಈ ಲೇಖನಕ್ಕೆ ಆ ಮೂರು ಪ್ರಶ್ನೆಗಳೇ ಬೀಜ. ರಾಜಕೀಯ ಹೇಳಿಕೆಯಾಗಲಿ, ಊರಹಬ್ಬದ ಸ್ಮರಣ ಸಂಚಿಕೆಯಾಗಲಿ, ಇತಿಹಾಸದ ಲೇಖನವಾಗಲಿ, ಅಕ್ಷರದಲ್ಲಿ ಕಾಣುವುದಕ್ಕಿಂತ ಹೆಚ್ಚನ್ನು ಓದುಗರ ಮನಸ್ಸಿಗೆ ದಾಟಿಸುತ್ತದೆ. ಹಾಗೆ ದಾಟುವುದನ್ನು ಹಿಡಿಯುವ ಅಭ್ಯಾಸವನ್ನು ಯಾರು ಬೇಕಾದರೂ ಮಾಡಬಹುದು. ನಾನು ಒತ್ತಿ ಹೇಳಬಯಸುವುದು ಒಂದೇ ಮಾತು: ಬರೆಯದ ಅರ್ಥಕ್ಕೂ ಬರಹದಲ್ಲಿ ಗುರುತು ಇರುತ್ತದೆ, ಆ ಗುರುತಿನ ಮೇಲೆ ಬೆರಳಿಟ್ಟು ತೋರಿಸಲು ನಮಗೆ ಸಾಧ್ಯವಾಗಬೇಕು. ಸಾಧ್ಯವಾಗದಿದ್ದರೆ ಆ ಅರ್ಥವನ್ನು ನಾವೇ ಹೊತ್ತು ತಂದಿದ್ದೇವೆ. ಕೊಡಗಿನಲ್ಲಿ ಬರೆದವರೂ ಓದಿದವರೂ ಅದೇ ವಾರದ ಸಂತೆಯಲ್ಲಿ ಎದುರುಬದುರಾಗುತ್ತಾರೆ. ಇಲ್ಲದ ಅರ್ಥ ಹಚ್ಚಿದರೆ ನೆರೆಹೊರೆ ಕೆಡುತ್ತದೆ. ಇರುವ ಅರ್ಥ ಕಾಣದೆ ಹೋದರೆ ಯಾರದೋ ಮನೆ, ಯಾರದೋ ಹಕ್ಕು ಸದ್ದಿಲ್ಲದೆ ಹೋಗುತ್ತದೆ.

ಈ ವಿದ್ಯೆ ನಮಗೆ ಹೊಸದೇನಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಇದಕ್ಕೆ ಧ್ವನಿ ಎಂಬ ಹೆಸರಿಟ್ಟು ವಿಸ್ತಾರವಾಗಿ ವಿವೇಚಿಸಿದ. ಪದದ ನೇರ ಅರ್ಥ ಅಭಿಧೆ, ನೇರ ಅರ್ಥ ಹೊಂದದಾಗ ಹಿಡಿಯುವ ಪಕ್ಕದ ಅರ್ಥ ಲಕ್ಷಣೆ, ಇವೆರಡನ್ನೂ ದಾಟಿ ಹೊಳೆಯುವುದು ವ್ಯಂಜನೆ ಎಂದು ಕಾವ್ಯಮೀಮಾಂಸಕರು ಮೂರು ಮೆಟ್ಟಿಲು ಗುರುತಿಸಿದರು. ಅವರಲ್ಲಿ ಬಳಕೆಯಲ್ಲಿದ್ದ ಒಂದು ಉದಾಹರಣೆ ‘ಸೂರ್ಯ ಮುಳುಗಿದ’ ಎಂಬ ವಾಕ್ಯ. ಕೇಳುವವರು ಬದಲಾದಂತೆ ಅದರ ಅರ್ಥವೂ ಬದಲಾಗುತ್ತದೆ. ನಮ್ಮಲ್ಲಿ ‘ಕತ್ತಲಾಯಿತು’ ಎಂದು ನೋಡಿ. ತೋಟದಲ್ಲಿ ಕೆಲಸ ಮುಗಿಸುವವರಿಗೆ ಅದು ‘ಆನೆ ಇಳಿಯುವ ಹೊತ್ತು, ಬೇಗ ಹೊರಡಿ’. ಅಂಗಡಿಯವರಿಗೆ ‘ಬಾಗಿಲು ಹಾಕಿ’. ಮಗಳು ಇನ್ನೂ ಬಸ್ಸಿಳಿಯದ ತಾಯಿಗೆ ಅದರಲ್ಲಿ ಕೇಳುವುದು ಆತಂಕ. ವಾಕ್ಯ ಒಂದೇ, ಹೇಳಿದ ಸಂದರ್ಭ ಮತ್ತು ಕೇಳಿದವರ ಬದುಕು ಸೇರಿ ಮಿಕ್ಕದ್ದನ್ನು ತುಂಬಿದವು. ರಾಜಕೀಯ ಬರಹ ನಡೆಯುವುದು ಈ ತುಂಬುವಿಕೆಯ ಮೇಲೆಯೇ.

ಮೊದಲು, ಹೇಳಿದ್ದನ್ನು ಹೇಳಿದಷ್ಟೇ ಬರೆದುಕೊಳ್ಳಿ

ಒಳ ಅರ್ಥ ಹುಡುಕುವ ಆತುರದಲ್ಲಿ ನಾವು ಮೇಲಿನ ಅರ್ಥವನ್ನೇ ತಪ್ಪಾಗಿ ಓದುತ್ತೇವೆ. ಬರಹವನ್ನು ಎರಡು ಸಾಲಿಗೆ ಇಳಿಸಿ ಒಂದು ಚೀಟಿಯಲ್ಲಿ ಬರೆಯಿರಿ: ಯಾರು, ಯಾರಿಗೆ, ಯಾವಾಗ, ಏನು ಹೇಳಿದರು. ವಿಶೇಷಣಗಳನ್ನು ಬಿಡಿ. ಆ ಚೀಟಿಯನ್ನು ಮೂಲದ ಪಕ್ಕ ಇಟ್ಟರೆ, ಚೀಟಿಗೆ ಬಾರದೆ ಉಳಿದದ್ದೆಲ್ಲ ಎದ್ದು ಕಾಣುತ್ತದೆ. ನಾವು ಹುಡುಕಬೇಕಾದದ್ದು ಅಲ್ಲಿದೆ.

ಕ್ರಿಯಾಪದದ ಒಡೆಯರನ್ನು ಹುಡುಕಿ

ಕನ್ನಡದ ಪತ್ರಿಕೆ ಮತ್ತು ಕಚೇರಿಯ ಭಾಷೆಯಲ್ಲಿ ಅತಿ ಹೆಚ್ಚು ಕೆಲಸ ಮಾಡುವ ತುಣುಕು ‘-ಲಾಯಿತು, -ಲಾಗಿದೆ, -ಲಾಗುವುದು’. ಶಾಲೆಯಲ್ಲಿ ಕಲಿತ ಕರ್ಮಣಿ ಪ್ರಯೋಗದಲ್ಲಿ ‘ರಾಮನಿಂದ ಮರವು ಕಡಿಯಲ್ಪಟ್ಟಿತು’ ಎಂದು ರಾಮ ಒಂದು ಮೂಲೆಯಲ್ಲಾದರೂ ನಿಂತಿರುತ್ತಾನೆ. ‘ಕಡಿಯಲಾಗಿದೆ’ ಎಂದಾಗ ಅವನು ವಾಕ್ಯದಿಂದಲೇ ಎದ್ದು ಹೋಗುತ್ತಾನೆ, ಅವನು ಹೋದದ್ದು ಓದುವವರಿಗೆ ಗೊತ್ತೂ ಆಗುವುದಿಲ್ಲ. ಆದ್ದರಿಂದ ಪೆನ್ಸಿಲ್ ಹಿಡಿದು ಇಂಥ ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಪಕ್ಕದಲ್ಲಿ ‘ಯಾರು?’ ಎಂದು ಬರೆಯಿರಿ. ಉತ್ತರ ಅದೇ ಬರಹದ ಇನ್ನೊಂದು ಕಡೆ ಸಿಕ್ಕರೆ ಗೆರೆ ಅಳಿಸಿ. ಕೊನೆಗೆ ಉಳಿದ ಗೆರೆಗಳನ್ನು ಒಟ್ಟಿಗೆ ನೋಡಿ: ಒಳ್ಳೆಯ ಕೆಲಸಗಳಿಗೆಲ್ಲ ಹೆಸರಿದ್ದು, ನೋವು ತಂದ ಕೆಲಸಗಳಿಗೆ ಮಾತ್ರ ಹೆಸರಿಲ್ಲವೆಂದಾದರೆ ಬರಹ ಯಾರ ಪರ ನಿಂತಿದೆ ಎಂದು ನೀವು ಬೆರಳಿಟ್ಟು ತೋರಿಸಬಹುದು.

2016ರ ಡಿಸೆಂಬರಿನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಅರಣ್ಯ ಇಲಾಖೆ ಕೆಡವಿತು. ಅಲ್ಲಿದ್ದ ಅನೇಕರು ತೋಟಗಳ ಲೈನ್ ಮನೆ (ಕಾರ್ಮಿಕರ ಸಾಲುಮನೆ) ಬಿಟ್ಟು ಬಂದವರು. ಇದನ್ನು ಹೇಳಲು ಎರಡು ವಾಕ್ಯ ಕಟ್ಟಿ ನೋಡಿ. ‘ಅರಣ್ಯ ಒತ್ತುವರಿಯನ್ನು ತೆರವುಗೊಳಿಸಲಾಯಿತು.’ ‘ಇಲಾಖೆಯವರು ಆದಿವಾಸಿಗಳ ಗುಡಿಸಲು ಕೆಡವಿದರು.’ ಮೊದಲ ವಾಕ್ಯದಲ್ಲಿ ಮನುಷ್ಯರೇ ಇಲ್ಲ. ಕೆಡವಿದವರೂ ಇಲ್ಲ, ಕೆಡವಿಸಿಕೊಂಡವರೂ ಇಲ್ಲ, ಗುಡಿಸಲೂ ಇಲ್ಲ, ‘ಒತ್ತುವರಿ’ ಎಂಬ ಕಾನೂನಿನ ಪದವೊಂದೇ ಇದೆ. ತೀರ್ಪು ಅದರಲ್ಲೇ ಮುಗಿದುಹೋಗಿದೆ. ಎರಡನೆಯದರಲ್ಲಿ ಕಾನೂನಿನ ಪ್ರಶ್ನೆ ಇಲ್ಲ, ಅದು ಬರೀ ನೋವಿನ ವಾಕ್ಯ. ಎರಡನ್ನೂ ಓದಿದವರಿಗೆ ಮಾತ್ರ ಅಂದು ಏನು ವಾದದಲ್ಲಿತ್ತು ಎಂಬುದು ತಿಳಿಯುತ್ತದೆ.

ಇನ್ನೊಂದು ಕಡೆಗೂ ಗಮನ ಕೊಡಿ. ‘ಕಟ್ಟಿತು’ ಎನ್ನುವುದಕ್ಕೂ ‘ಕಟ್ಟಿಕೊಟ್ಟಿತು’ ಎನ್ನುವುದಕ್ಕೂ ವ್ಯತ್ಯಾಸವಿದೆ. 2018ರ ಆಗಸ್ಟಿನ ಭೂಕುಸಿತದಲ್ಲಿ ಮನೆ ಕಳೆದುಕೊಂಡವರಿಗೆ ಸರ್ಕಾರ ಮನೆಗಳನ್ನು ‘ಕಟ್ಟಿಕೊಟ್ಟಿತು’ ಎಂದು ನಾನೂ ಬರೆದಿದ್ದೇನೆ, ಬರೆಯುವಾಗ ಏನೂ ಅನಿಸಲಿಲ್ಲ. ಆ ‘ಕೊಡು’ ಸೇರಿದೊಡನೆ ಜನರ ಹಕ್ಕು ಉಡುಗೊರೆಯಾಗುತ್ತದೆ, ಪಡೆದವರು ಋಣದಲ್ಲಿ ನಿಲ್ಲುತ್ತಾರೆ. ‘ಮಾಡಿಬಿಟ್ಟರು’ ಎಂದರೆ ಅಸಮಾಧಾನ, ‘ಮಾಡಿಟ್ಟರು’ ಎಂದರೆ ಮುಂದಾಲೋಚನೆ. ನಿಘಂಟಿನಲ್ಲಿ ಸಿಗದ ಅಭಿಪ್ರಾಯ ಈ ಪುಟ್ಟ ಸಹಾಯಕ ಕ್ರಿಯಾಪದಗಳಲ್ಲಿ ಕುಳಿತಿರುತ್ತದೆ.

ಒಂದು ಪದ ತೆಗೆದು ಇನ್ನೊಂದನ್ನು ಇಟ್ಟು ನೋಡಿ

ಬರಹಗಾರರು ಆರಿಸಿದ ಪದದ ಅರ್ಥ ತಿಳಿಯಬೇಕಾದರೆ ಅವರು ಆರಿಸದೆ ಬಿಟ್ಟ ಪದ ಯಾವುದೆಂದು ತಿಳಿಯಬೇಕು. ಅದೇ ಸಂಗತಿಗೆ ಬಳಕೆಯಲ್ಲಿರುವ ಬೇರೆ ಹೆಸರುಗಳನ್ನು ಪಟ್ಟಿ ಮಾಡಿ, ಒಂದೊಂದಾಗಿ ವಾಕ್ಯಕ್ಕೆ ತೊಡಿಸಿ. ವಾಕ್ಯ ಎಲ್ಲಿ ಕುಂಟುತ್ತದೋ ಅಲ್ಲಿ ಬರಹದ ನಂಬಿಕೆ ಇದೆ.

ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೆ ಮೊದಲು ಇದು ‘ಸಿ’ ದರ್ಜೆಯ ರಾಜ್ಯ, ತನ್ನದೇ 24 ಸ್ಥಾನಗಳ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು. ಆ ದಿನದ ಘಟನೆಯನ್ನು ಏನೆಂದು ಕರೆಯುತ್ತೀರಿ? ‘ಏಕೀಕರಣ’ ಎಂದರೆ ಮೊದಲು ಒಂದಾಗಿದ್ದದ್ದು, ಒಡೆದದ್ದು, ಮತ್ತೆ ಕೂಡಿತು ಎಂಬ ಕಥೆ ಆ ಪದದೊಳಗಿದೆ. ‘ವಿಲೀನ’ ಎಂದರೆ ನೀರಿಗೆ ಬಿದ್ದ ಉಪ್ಪಿನಂತೆ ಒಂದು ಕರಗಿತು, ಇನ್ನೊಂದು ಉಳಿಯಿತು. ‘ಸೇರ್ಪಡೆ’ ಎಂಬುದು ಕಚೇರಿಯ ಕಡತದ ಪದ, ಸಂತೋಷವೂ ಇಲ್ಲ ದುಃಖವೂ ಇಲ್ಲ. ರಾಜ್ಯೋತ್ಸವದ ಲೇಖನಗಳನ್ನು ಓದುವಾಗ ಈ ಮೂರರಲ್ಲಿ ಯಾವುದು ಬಂದಿದೆ ಎಂದು ಮೊದಲು ನೋಡುವುದು ನನ್ನ ಅಭ್ಯಾಸ. ಮೂರನ್ನೂ ಬಳಸುವ ಪ್ರಾಮಾಣಿಕ ಬರಹಗಾರರು ನಮ್ಮಲ್ಲಿದ್ದಾರೆ, ಆದ್ದರಿಂದ ಪದ ಕಂಡೊಡನೆ ವ್ಯಕ್ತಿಯ ಮೇಲೆ ಮುದ್ರೆ ಒತ್ತಬೇಡಿ. ಲೇಖನದ ಉಳಿದ ಭಾಗ ಆ ಪದದ ಜೊತೆ ಹೋಗುತ್ತದೆಯೇ ಎಂದಷ್ಟೇ ನೋಡಿ.

1837ರ ಘಟನೆ ಇನ್ನೂ ಹೆಚ್ಚು ಕಲಿಸುತ್ತದೆ. ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಸುಳ್ಯದ ಸೀಮೆಯನ್ನು ಕೊಡಗಿನಿಂದ ಬೇರ್ಪಡಿಸಿ ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿತ್ತು, ಬೆಳೆಯ ರೂಪದ ಕಂದಾಯವನ್ನು ನಗದಿಗೆ ತಿರುಗಿಸಿತ್ತು. ರೈತರು ಎದ್ದರು, ಮಂಗಳೂರಿನವರೆಗೆ ನಡೆದರು, ಕೆಲವು ದಿನ ಅದನ್ನು ಹಿಡಿದಿಟ್ಟುಕೊಂಡರು. ಸುಬೇದಾರ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಆ ವರ್ಷ ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. (ಈ ‘-ಲಾಯಿತು’ವಿಗೂ ಗೆರೆ ಎಳೆಯಿರಿ. ಗಲ್ಲಿಗೇರಿಸಿದ್ದು ಕಂಪನಿ ಸರ್ಕಾರ.) ಇದೇ ಘಟನೆಗೆ, ಮುಂದಾಳುವಿನ ಹೆಸರು ಹಿಡಿದು, ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹೆಸರು ಜನರ ಬಾಯಲ್ಲಿ ಬಹುಕಾಲ ಉಳಿಯಿತು. ಕಂಪನಿಯ ಪರ ನಿಂತವರಿಗೆ ಕೊಟ್ಟ ಪದಕದ ಮೇಲೆ ಅದು ‘ದಂಗೆ’, ಅಡಗಿಸಿದ್ದು ‘ನಿಷ್ಠೆ’. ಇಂದಿನ ಬರಹಗಳಲ್ಲಿ ‘ಅಮರ ಸುಳ್ಯ ಸ್ವಾತಂತ್ರ್ಯ ಸಮರ’. ಮೊದಲ ಹೆಸರು ಕೇಳಿದರೆ ಕಿವಿಗೆ ತಟ್ಟುವುದು ಕಾಟ, ಅದರ ಹಿಂದೆ ಒಬ್ಬನೇ ವ್ಯಕ್ತಿಯ ಉಪದ್ರವ. ಕೊನೆಯ ಹೆಸರಿನಲ್ಲಿ ಒಂದು ಊರು, ಒಂದು ಗುರಿ, ಒಂದು ಗೌರವ. ‘ದಂಗೆ’ ಎಂದು ಬರೆದವರು ನ್ಯಾಯಬದ್ಧ ಸರ್ಕಾರ ಒಂದಿತ್ತು ಎಂಬುದನ್ನು ವಾದ ಮಾಡದೆಯೇ ಒಪ್ಪಿಸಿಬಿಟ್ಟರು. ನಮ್ಮ ಅಜ್ಜಂದಿರ ಬಾಯಲ್ಲೂ ಕಾಟಕಾಯಿ ಎಂಬ ಹೆಸರೇ ಇದ್ದದ್ದನ್ನು ನೆನೆದಾಗ ನನಗೆ ಇಂದಿಗೂ ನೋವಾಗುತ್ತದೆ.

ಸದ್ಯದ ಬಳಕೆಗೂ ಇದು ಹೊಂದುತ್ತದೆ. ‘ಕಾಡಾನೆ ಹಾವಳಿ’ ಎಂದರೆ ಆನೆ ಅಪರಾಧಿ, ‘ಮಾನವ-ಆನೆ ಸಂಘರ್ಷ’ ಎಂದರೆ ಇಬ್ಬರೂ ಪಾಲುದಾರರು. ‘ಪ್ರಕೃತಿ ವಿಕೋಪ’ ಎಂದರೆ ಕೇಳಲು ಯಾರೂ ಇಲ್ಲ, ‘ಗುಡ್ಡ ಕಡಿದಲ್ಲಿ ಜರಿದ ಮಣ್ಣು’ ಎಂದರೆ ಕಡಿದವರನ್ನು ಕೇಳಬೇಕಾಗುತ್ತದೆ. ‘ಅನ್ಯಕೋಮಿನ ಯುವಕ’ ಎಂಬುದನ್ನು ಓದಿದಾಗ ನಿಂತು ಕೇಳಿ: ಯಾರಿಗೆ ಅನ್ಯ? ಪತ್ರಿಕೆಯನ್ನು ಆ ಯುವಕನ ಮನೆಯಲ್ಲೂ ಓದುತ್ತಾರೆ. ಆ ಒಂದು ಪದ ಓದುಗರು ಯಾವ ಕೋಮಿನವರು ಎಂಬುದನ್ನು ಮೊದಲೇ ತೀರ್ಮಾನಿಸಿ, ಉಳಿದವರನ್ನು ಪುಟದ ಹೊರಗೆ ನಿಲ್ಲಿಸುತ್ತದೆ.

ಪ್ರತ್ಯಯ, ಸರ್ವನಾಮ, ಬಹುವಚನ

ದಿನವೂ ನೋಡುವ ಧಾಟಿಯಲ್ಲಿ ಒಂದು ಸುದ್ದಿಯನ್ನು ನಾನೇ ಕಟ್ಟಿದ್ದೇನೆ. ನಿಧಾನವಾಗಿ ಓದಿ.

‘ಕೆಲಸಕ್ಕೆ ತೆರಳುತ್ತಿದ್ದ ಕಾರ್ಮಿಕನೊಬ್ಬ ಕಾಡಾನೆ ದಾಳಿಗೆ ಬಲಿಯಾಗಿದ್ದಾನೆ. ಸ್ಥಳಕ್ಕೆ ಶಾಸಕರು ಭೇಟಿ ನೀಡಿ ಸಾಂತ್ವನ ಹೇಳಿದರು. ಪರಿಹಾರ ವಿತರಿಸಲಾಗುವುದು ಎಂದು ಅಧಿಕಾರಿಗಳು ತಿಳಿಸಿದ್ದಾರೆ. ಆನೆಗಳ ಉಪಟಳದಿಂದ ಬೆಳೆಗಾರರು ಕಂಗಾಲಾಗಿದ್ದಾರೆ.’

ಸತ್ತವರು ‘ಬಲಿಯಾಗಿದ್ದಾನೆ’, ಬಂದವರು ‘ಹೇಳಿದರು’. ಸಾವಿನ ಮನೆಯಲ್ಲೂ ಬಹುವಚನ ಸಿಗದ ವ್ಯಕ್ತಿ ಯಾರು? ‘ಕಾರ್ಮಿಕನೊಬ್ಬ’ ಎಂಬಲ್ಲಿ ಹೆಸರಿಲ್ಲ, ಊರಿಲ್ಲ, ಹೆಂಡತಿ ಮಕ್ಕಳಿಲ್ಲ. ಸಾಂತ್ವನ ಯಾರಿಗೆ ಹೇಳಿದರೆಂಬುದೂ ಇಲ್ಲ. ಪರಿಹಾರ ವಿತರಿಸುವವರು ಯಾರು, ಯಾವಾಗ ಎಂಬುದು ‘-ಲಾಗುವುದು’ವಿನಲ್ಲಿ ಕರಗಿದೆ. ಕೊನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಸತ್ತವರೇ ಸುದ್ದಿಯಿಂದ ಜಾರಿ, ಕಂಗಾಲಾದವರು ಬೆಳೆಗಾರರಾದರು. ಬೆಳೆಗಾರರ ಕಷ್ಟ ಸುಳ್ಳಲ್ಲ. ನಾನು ಕೂಡ ಆ ಕಷ್ಟ ಕಂಡ ಮನೆಯವನು, ಗದ್ದೆ ತುಳಿಸಿಕೊಂಡ ಬೆಳಗನ್ನು ಮರೆತಿಲ್ಲ. ಆದರೂ ನಾಲ್ಕು ಸಾಲುಗಳ ಆ ಕ್ರಮ ಯಾರ ಬದುಕು ಮುಖ್ಯವೆಂದು ಹೇಳಿಯೇ ಬಿಟ್ಟಿದೆ. ಬರೆದವರಿಗೆ ಆ ಉದ್ದೇಶವಿರಲಿಕ್ಕಿಲ್ಲ, ರೂಢಿಯ ಧಾಟಿ ಅವರ ಕೈ ಹಿಡಿದು ಬರೆಸಿರುತ್ತದೆ. ಅದಕ್ಕಾಗಿಯೇ ಇದನ್ನು ಗುರುತಿಸುವುದು ಹೆಚ್ಚು ಅಗತ್ಯ.

ಪ್ರತ್ಯಯಗಳೂ ಹೀಗೆಯೇ. ‘ಸಭೆಗೆ ಮಹಿಳೆಯರೂ ಬಂದಿದ್ದರು’ ಎಂಬ ‘ಊ’ಕಾರ ಅವರು ಬರುವ ನಿರೀಕ್ಷೆ ಇರಲಿಲ್ಲ ಎಂದು ತಿಳಿಸುತ್ತದೆ. ‘ಬಡವರಾದರೂ ಪ್ರಾಮಾಣಿಕರು’ ಎಂಬ ಹೊಗಳಿಕೆಯಲ್ಲಿ ಇಡೀ ಬಡವರ ಮೇಲೊಂದು ಆಪಾದನೆ ಇದೆ, ‘ಆದರೂ’ ತೆಗೆದು ಓದಿ ನೋಡಿ. ‘ಅಂತೆ’, ‘ಎನ್ನಲಾದ’ ಎಂಬಲ್ಲಿ ಬರೆದವರು ಹೊಣೆ ಇಳಿಸಿದ್ದಾರೆ, ಅದು ಎಚ್ಚರಿಕೆಯೂ ಆಗಿರಬಹುದು, ಅನುಮಾನ ಬಿತ್ತುವ ಬಗೆಯೂ ಆಗಿರಬಹುದು. ಬರಹವನ್ನು ಗಟ್ಟಿಯಾಗಿ ಓದಿದರೆ ಇವು ಬೇಗ ಸಿಗುತ್ತವೆ. ಸ್ವರದ ಏರಿಳಿತದಿಂದ ಹುಟ್ಟುವ ಅರ್ಥಕ್ಕೆ ಹಿಂದಿನವರು ಕಾಕು ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

‘ನಾವು’ ಎಂಬ ಪದದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಕೊಡವ ತಕ್ಕ್‌ನಲ್ಲಿ ಕೇಳುವವರನ್ನೂ ಸೇರಿಸಿಕೊಂಡರೆ ‘ನಂಗ’, ಅವರನ್ನು ಬಿಟ್ಟು ಹೇಳಿದರೆ ‘ಎಂಗ’. ತುಳುವಿನಲ್ಲೂ ‘ನಮ’ ಮತ್ತು ‘ಎಂಕುಳು’ ಎಂಬ ಇದೇ ಭೇದವಿದೆ. ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ಹೀಗಾಗಿ ಕನ್ನಡದ ರಾಜಕೀಯ ಬರಹದಲ್ಲಿ ‘ನಮ್ಮ ನಾಡು, ನಮ್ಮ ಸಂಸ್ಕೃತಿ, ನಮ್ಮ ಜಮೀನು’ ಎಂದು ಬಂದಾಗ ಆ ‘ನಮ್ಮ’ ಯಾರನ್ನು ಸೇರಿಸಿಕೊಂಡಿದೆ ಎಂಬುದು ಮುಸುಕಿನಲ್ಲೇ ಉಳಿಯುತ್ತದೆ. ಎರಡು ಭಾಷೆ ಬಲ್ಲ ಕೊಡಗಿನ ಓದುಗರಿಗೆ ಇಲ್ಲೊಂದು ಒಳ್ಳೆಯ ಸಾಧನ ಕೈಯಲ್ಲೇ ಇದೆ: ಆ ವಾಕ್ಯವನ್ನು ಮನಸ್ಸಿನಲ್ಲೇ ಕೊಡವ ತಕ್ಕ್‌ಗೆ ತನ್ನಿ. ನಂಗಡವೋ ಎಂಗಡವೋ ಎಂದು ತೀರ್ಮಾನಿಸದೆ ವಾಕ್ಯ ಮುಗಿಯುವುದಿಲ್ಲ. ನಮ್ಮ ಓದಿನ ಗುಂಪಿನಲ್ಲಿ ಇದನ್ನು ಮಾಡಿದಾಗ ಒಂದೇ ವಾಕ್ಯಕ್ಕೆ ಇಬ್ಬರು ಎರಡು ಉತ್ತರ ಕೊಟ್ಟರು. ಕೊಡವರೂ ಅರೆಭಾಷೆಯ ಗೌಡರೂ ಯರವರೂ ಕುರುಬರೂ ಮಲಯಾಳ ಮಾತನಾಡುವವರೂ ಕೂಡಿ ಬಾಳುವ ಜಿಲ್ಲೆಯಲ್ಲಿ ಈ ಪ್ರಶ್ನೆ ವ್ಯಾಕರಣಕ್ಕಷ್ಟೇ ಸೇರಿದ್ದಲ್ಲ.

‘ಹೊರಗಿನವರು’ ಎಂದರೆ ಯಾರು?

‘ನಾವು’ ಇದ್ದಲ್ಲಿ ‘ಅವರು’ ಇರುತ್ತಾರೆ. ಕೊಡಗಿನ ಬರಹಗಳಲ್ಲಿ ‘ಹೊರಗಿನವರು’ ಎಂಬುದು ಪ್ರತಿ ವಾರ ಕಾಣುವ ಪದ. ಅದು ಬೆಂಗಳೂರಿನಿಂದ ಬಂದು ರೆಸಾರ್ಟ್ ಕಟ್ಟಿದವರೇ? ಶನಿವಾರ ಭಾನುವಾರದ ಪ್ರವಾಸಿಗಳೇ? ಅಸ್ಸಾಂನಿಂದ ಕಾಫಿ ಕೊಯ್ಯಲು ಬಂದ ಕಾರ್ಮಿಕರೇ? ಮೂರು ತಲೆಮಾರಿನ ಹಿಂದೆ ಘಟ್ಟ ಹತ್ತಿ ಬಂದು ಅಂಗಡಿ ಇಟ್ಟ ಕುಟುಂಬವೇ? ಬರಹ ಹೇಳುವುದಿಲ್ಲ. ಹೇಳದಿರುವುದರಿಂದ ಒಬ್ಬೊಬ್ಬ ಓದುಗರೂ ತಮಗೆ ಬೇಡವಾದವರನ್ನು ಅಲ್ಲಿ ಕೂರಿಸುತ್ತಾರೆ, ಎಲ್ಲರೂ ತಲೆದೂಗುತ್ತಾರೆ. ಭಾಷಣಕಾರರಿಗೆ ಇದರಿಂದ ಒಂದು ಅನುಕೂಲವೂ ಇದೆ. ಪ್ರಶ್ನೆ ಬಂದರೆ ‘ನಾನು ಅಂಥವರ ಬಗ್ಗೆ ಹೇಳಲೇ ಇಲ್ಲ’ ಎನ್ನಬಹುದು.

ಇಲ್ಲಿ ಮಾಡಬೇಕಾದ ಕೆಲಸ ಸರಳ. ಆ ಪದದ ಹಿಂದಿನ ಒಂದು ವಾಕ್ಯ, ಮುಂದಿನ ಎರಡು ವಾಕ್ಯ ನೋಡಿ. ಪಕ್ಕದಲ್ಲಿ ಕಸ, ಪ್ಲಾಸ್ಟಿಕ್, ವಾಹನದ ಸಾಲು ಬಂದಿದ್ದರೆ ಪ್ರವಾಸಿಗಳು. ಜಮೀನಿನ ಬೆಲೆ, ಭೂಪರಿವರ್ತನೆ ಬಂದಿದ್ದರೆ ಹಣವಂತ ಖರೀದಿದಾರರು. ಗುರುತಿನ ಚೀಟಿ, ಪೊಲೀಸ್ ಪರಿಶೀಲನೆ, ಭದ್ರತೆ ಬಂದಿದ್ದರೆ ಲೈನ್ ಮನೆಯಲ್ಲಿ ಮಲಗುವ ಬಡವರು. ಅದೇ ಬರಹದಲ್ಲಿ ಒಂದೆಡೆ ಕಸದ ಜೊತೆ, ಇನ್ನೊಂದೆಡೆ ಗುರುತಿನ ಚೀಟಿಯ ಜೊತೆ ಬಂದಿದ್ದರೆ, ಒಬ್ಬರ ಮೇಲಿನ ಸಿಟ್ಟನ್ನು ಇನ್ನೊಬ್ಬರ ಮೇಲೆ ಹೊರಿಸಲಾಗುತ್ತಿದೆ. ಅದನ್ನು ಕಂಡರೆ ಸುಮ್ಮನಿರಬೇಡಿ, ಪತ್ರ ಬರೆದು ಕೇಳಿ.

ಇರಬೇಕಾದದ್ದು ಎಲ್ಲಿ ಇಲ್ಲ?

ಮೌನವನ್ನು ಓದುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಯಾವ ಬರಹದಲ್ಲೂ ಇಲ್ಲದ ಸಂಗತಿಗಳು ಲೆಕ್ಕವಿಲ್ಲದಷ್ಟು. ಆ ಬಗೆಯ ಬರಹದಲ್ಲಿ ಬಂದೇ ಬರಬೇಕಾದದ್ದು ಬಾರದಿದ್ದಾಗ ಮಾತ್ರ ಮೌನಕ್ಕೆ ಅರ್ಥ. ಕೆಲಸಕ್ಕೆ ಶಿಫಾರಸು ಪತ್ರ ಬರೆದವರು ‘ಇವರ ಕೈಬರಹ ಅಂದವಾಗಿದೆ, ಸಮಯಕ್ಕೆ ಬರುತ್ತಾರೆ’ ಎಂದಷ್ಟೇ ಬರೆದರೆ ಕೆಲಸದ ಬಗ್ಗೆ ಅಭಿಪ್ರಾಯ ತಿಳಿಯಿತಲ್ಲವೇ? ಭಾಷಾ ತತ್ತ್ವಜ್ಞ ಗ್ರೈಸ್ ಇಂಥದೇ ಉದಾಹರಣೆಯಿಂದ ತೋರಿಸಿದ್ದು ಇದನ್ನು: ಬೇಕಾದಷ್ಟು ಹೇಳುತ್ತಾರೆ ಎಂದು ನಾವು ನಂಬಿರುವುದರಿಂದಲೇ ಕಡಿಮೆ ಹೇಳಿದ್ದು ಮಾತನಾಡುತ್ತದೆ.

ನಮ್ಮ ಜಿಲ್ಲೆಯ ಇತಿಹಾಸದಲ್ಲೇ ಇದಕ್ಕೆ ದೊಡ್ಡ ಪಾಠವಿದೆ. 1834ರ ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಿಂದ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಅದರ ಸಾರ ಇಷ್ಟು: ಬ್ರಿಟಿಷರ ರಕ್ಷಣೆಗೆ ಒಳಪಡಬೇಕೆಂಬುದು ಕೊಡಗಿನ ನಿವಾಸಿಗಳ ಒಮ್ಮತದ ಬಯಕೆ, ಆದ್ದರಿಂದ ವೀರರಾಜೇಂದ್ರ ಒಡೆಯರು ಆಳುತ್ತಿದ್ದ ಸೀಮೆಯನ್ನು ಕಂಪನಿಗೆ ವರ್ಗಾಯಿಸಲಾಗುವುದು, ನಿವಾಸಿಗಳನ್ನು ಮತ್ತೆ ದೇಶೀ ಆಳ್ವಿಕೆಗೆ ಒಳಪಡಿಸುವುದಿಲ್ಲ, ಅವರ ಧಾರ್ಮಿಕ ಹಾಗೂ ನಾಗರಿಕ ಹಕ್ಕುಗಳನ್ನು ಗೌರವಿಸಲಾಗುವುದು.

ಈಗ ಮೇಲಿನ ಹೆಜ್ಜೆಗಳನ್ನು ಇದರ ಮೇಲೆ ಇಡಿ. ‘ಒಮ್ಮತದ ಬಯಕೆ’ ಎಂದವರು ಯಾರು, ಯಾರನ್ನು ಕೇಳಿದರು? ಲೈನ್ ಮನೆಯ ಹಿಂದಿನ ಕಾಲದ, ತಲೆಮಾರುಗಳಿಂದ ಭೂಮಿಗೆ ಕಟ್ಟುಬಿದ್ದ ಆ ಜಮ್ಮದಾಳುಗಳನ್ನೂ ಹಾಡಿಯ ಕುರುಬರನ್ನೂ ಹೆಂಗಸರನ್ನೂ ಕೇಳಿದ್ದರೇ? ಅದು ಬರಹದಲ್ಲಿಲ್ಲ. ‘ದೇಶೀ ಆಳ್ವಿಕೆಗೆ ಒಳಪಡಿಸುವುದಿಲ್ಲ’ ಎಂಬ ಭರವಸೆಯಲ್ಲಿ ‘ಒಳಪಡಿಸು’ ಎಂಬ ಪದ ಸ್ವಂತ ಅರಸೊತ್ತಿಗೆಯನ್ನು ಶಿಕ್ಷೆಯಾಗಿಸಿದೆ, ಕಂಪನಿಯ ಆಳ್ವಿಕೆಗೆ ಮಾತ್ರ ‘ರಕ್ಷಣೆ’ ಎಂಬ ಹೆಸರು. ಎಲ್ಲಕ್ಕಿಂತ ಮಿಗಿಲಾಗಿ ಬರಲೇಬೇಕಾಗಿದ್ದ ಒಂದು ಪದ ಈ ಸಾರದಲ್ಲಿ ಎಲ್ಲೂ ಇಲ್ಲ. ಅದು ಯುದ್ಧ. ಹಿಂದಿನ ತಿಂಗಳಷ್ಟೇ ಕಂಪನಿಯ ಪಡೆಗಳು ಹಲವು ದಿಕ್ಕುಗಳಿಂದ ಕೊಡಗಿಗೆ ನುಗ್ಗಿದ್ದವು, ಕೆಲವೆಡೆ ಕೊಡಗಿನವರು ಅವರನ್ನು ಹಿಮ್ಮೆಟ್ಟಿಸಿ ಸಾಕಷ್ಟು ಸಾವುನೋವು ಮಾಡಿದ್ದರು, ಅರಸ ಶರಣಾಗಿದ್ದ. ಒಮ್ಮತವಿದ್ದ ನಾಡಿಗೆ ಪಡೆ ಏಕೆ ಬೇಕಾಯಿತು? ಆ ಅರಸನ ಮೇಲೆ ಕ್ರೌರ್ಯದ ಆರೋಪಗಳಿದ್ದವು, ಬದಲಾವಣೆ ಬಯಸಿದವರೂ ನಿಜವಾಗಿ ಇದ್ದರು. ಒಬ್ಬಿಬ್ಬರ ಬಯಕೆ ‘ಒಮ್ಮತ’ವಾದದ್ದು ಬರಹದ ಕೆಲಸ. ಮೂರೇ ವರ್ಷದಲ್ಲಿ ಎದ್ದ 1837ರ ಹೋರಾಟ ಆ ಒಂದು ಪದಕ್ಕೆ ಕೊಟ್ಟ ಉತ್ತರವೆಂದು ನಾನು ಓದುತ್ತೇನೆ.

ಬರೆದವರ ಕೈ ಎಷ್ಟು ಬಿಗಿದಿತ್ತು?

ಕೆಲವೊಮ್ಮೆ ಹೇಳದಿರುವುದಕ್ಕೆ ಕಾರಣ ಹೇಳಲಾಗದಿರುವುದು. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಬಂದು ಪತ್ರಿಕೆಗಳ ಮೇಲೆ ಸೆನ್ಸಾರ್ ಕುಳಿತಾಗ, ಮುಂಬಯಿಯ ಒಂದು ಇಂಗ್ಲಿಷ್ ದೈನಿಕದ ಮರಣವಾರ್ತೆಗಳ ನಡುವೆ ಒಂದು ಸಣ್ಣ ಜಾಹೀರಾತು ಬಂತು: ಡಿ.ಇ.ಎಂ. ಓಕ್ರಸಿ ಜೂನ್ 26ರಂದು ತೀರಿಕೊಂಡರು, ಪತ್ನಿ ಟಿ. ರೂತ್, ಮಗ ಎಲ್.ಐ. ಬರ್ಟಿ. ಕೂಡಿಸಿ ಓದಿ: ಡೆಮಾಕ್ರಸಿ, ಟ್ರೂತ್, ಲಿಬರ್ಟಿ. ಸೆನ್ಸಾರಿನ ಕಣ್ಣು ತಪ್ಪಿಸಿ ಓದುಗರನ್ನು ತಲುಪಿದ ದುಃಖ ಅದು. ಒಗಟಿನಂತೆ ಕಟ್ಟಿದ ದಾಸರ ಮುಂಡಿಗೆ, ಶರಣರ ಬೆಡಗಿನ ವಚನಗಳನ್ನು ಬಲ್ಲ ನಮಗೆ ಈ ದಾರಿ ಹೊಸದಲ್ಲ.

ಆಶ್ರಯದ ಬಿಗಿಯೂ ಒಂದು ಬಿಗಿ. ಹತ್ತನೆಯ ಶತಮಾನದ ಪಂಪ ತನ್ನ ಭಾರತದಲ್ಲಿ ಆಶ್ರಯದಾತ ಅರಿಕೇಸರಿಯನ್ನೇ ಅರ್ಜುನನಾಗಿ ಚಿತ್ರಿಸಿದ. ಹೊಗಳಿಕೆ ಎಲ್ಲಿಗೆ ಸಲ್ಲಬೇಕೆಂಬುದು ಮೊದಲೇ ನಿಶ್ಚಯವಾಗಿತ್ತು. ಆದರೂ ಭಾರತದಲ್ಲಿ ಒಂದೇ ಮನಸ್ಸಿನಿಂದ ನೆನೆಯುವುದಾದರೆ ಕರ್ಣನನ್ನು ನೆನೆಯಬೇಕು ಎಂದು ಹೇಳಿಬಿಡುತ್ತಾನೆ. ಅರಸನ ಮುಂದೆ ಓದುವ ಕಾವ್ಯದಲ್ಲಿ ಅರಸನ ಎದುರಾಳಿಗೆ ಆ ಮಾತು. ಆದ್ದರಿಂದ ಅಭಿನಂದನ ಗ್ರಂಥ, ಸನ್ಮಾನದ ಭಾಷಣ, ಪ್ರಾಯೋಜಿತ ಲೇಖನಗಳನ್ನು ಓದುವಾಗ ಹೊಗಳಿಕೆಯನ್ನು ತೂಗುತ್ತ ಕೂರಬೇಡಿ. ಹೊಗಳಿಕೆ ಎಲ್ಲಿ ಬೇರೆಯವರ ಕಡೆ ತಿರುಗುತ್ತದೆ ಎಂದು ನೋಡಿ.

ನಿಮ್ಮ ಓದನ್ನೂ ಪರೀಕ್ಷೆಗೆ ಒಡ್ಡಿ

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಹಿರಿಯರೊಬ್ಬರ ಲೇಖನ ಓದಿದೆ. ಜಾಗ ಕೊಟ್ಟವರ ಹೆಸರಿತ್ತು, ಹಣ ಕೊಟ್ಟವರ ಹೆಸರಿತ್ತು. ಮೊದಲ ಇಪ್ಪತ್ತು ವರ್ಷ ಆ ಶಾಲೆಯನ್ನು ನಡೆಸಿದ ದಲಿತ ಮೇಷ್ಟ್ರ ಹೆಸರು ಇರಲಿಲ್ಲ. ನನಗೆ ಸಿಟ್ಟು ಬಂತು. ಬೇಕೆಂದೇ ಬಿಟ್ಟಿದ್ದಾರೆ ಎಂದು ಖಾರವಾಗಿ ಪತ್ರ ಬರೆದೆ. ಎಂಟು ದಿನದ ಮೇಲೆ ಆ ಹಿರಿಯರು ತಮ್ಮ ಕೈಬರಹದ ಪ್ರತಿಯನ್ನು ಹಿಡಿದು ಮನೆಗೆ ಬಂದರು. ಮೂರನೆಯ ಹಾಳೆ ಪೂರ್ತಿ ಆ ಮೇಷ್ಟ್ರ ಬಗ್ಗೆ ಇತ್ತು. ಮುದ್ರಣದ ವೇಳೆ ಅರ್ಧ ಪುಟದ ಜಾಹೀರಾತಿಗಾಗಿ ಅದು ಹಾರಿಹೋಗಿತ್ತು. ನಾನು ಕ್ಷಮೆ ಕೇಳಿದೆ. ಅವರು ಕಾಫಿ ಕುಡಿದು ಹೋದರು, ಆದರೆ ಮೊದಲಿನ ಸಲುಗೆ ಮರಳಲು ಬಹಳ ಕಾಲ ಹಿಡಿಯಿತು.

ಅಂದಿನಿಂದ ನಾನು ಎರಡು ವಾಕ್ಯಗಳನ್ನು ಬೇರೆಬೇರೆ ಇಡುತ್ತೇನೆ: ‘ಬರಹ ಹೀಗೆ ಹೇಳುತ್ತದೆ’ ಮತ್ತು ‘ಬರೆದವರು ಹೀಗೆ ಬಯಸಿದರು’. ಮೊದಲನೆಯದಕ್ಕೆ ಪುಟವೇ ಸಾಕ್ಷಿ. ಸಂಚಿಕೆಯಲ್ಲಿ ಮೇಷ್ಟ್ರು ಇರಲಿಲ್ಲ, ಅದು ತಪ್ಪೇ, ಅದನ್ನು ಹೇಳಬೇಕಾಗಿತ್ತು. ಎರಡನೆಯದಕ್ಕೆ ಬೇರೆ ಸಾಕ್ಷಿ ಬೇಕು: ಅವರ ಇತರ ಬರಹಗಳು, ಅದೇ ಮಾತಿನ ಪುನರಾವರ್ತನೆ, ಕೇಳಿದಾಗ ಕೊಟ್ಟ ಉತ್ತರ. ನಿಮ್ಮ ಓದನ್ನು ನಿಮ್ಮ ಕಡೆಯವರಲ್ಲದ ಒಬ್ಬರಿಗೆ ತೋರಿಸಿ. ಗುರುತು ತೋರಿಸಿದಾಗ ಅವರು ಒಪ್ಪದಿದ್ದರೂ ‘ಹೌದು, ಹಾಗೂ ಓದಬಹುದು’ ಎಂದರೆ ಸಾಕು. ನಿಮಗೆ ಪ್ರಿಯವಾದ ಪಕ್ಷದ, ನಿಮ್ಮದೇ ಜಾತಿಯ ಬರಹಕ್ಕೂ ಇದೇ ಹೆಜ್ಜೆಗಳನ್ನು ಹಾಕಿ ನೋಡಿ. ಅಲ್ಲಿ ಪೆನ್ಸಿಲ್ ಹಿಂಜರಿಯುತ್ತದೆ, ನನ್ನದೂ ಹಿಂಜರಿದಿದೆ.

ನೀವೇ ಬರೆಯಲು ಕುಳಿತಾಗ

ಕಳೆದ ಬೇಸಿಗೆಯಲ್ಲಿ ನಮ್ಮ ಬಡಾವಣೆಯ ಸಂಘಕ್ಕೆ ಒಂದು ಸೂಚನಾ ಪತ್ರ ಬರೆದುಕೊಡುವ ಕೆಲಸ ನನಗೆ ಬಂತು. ‘ಸಾರ್ವಜನಿಕರ ಹಿತದೃಷ್ಟಿಯಿಂದ ತಿರುವಿನಲ್ಲಿರುವ ಗೂಡಂಗಡಿಗಳನ್ನು ತೆರವುಗೊಳಿಸಲಾಗುವುದು’ ಎಂದು ಬರೆದೆ. ಅಮ್ಮನಿಗೆ ಓದಿ ಹೇಳಿದೆ. “ಯಾರು ತೆಗೆಯುತ್ತಾರೆ?” ಎಂದರು. “ಸಂಘ” ಎಂದೆ. “ಸಾರ್ವಜನಿಕರು ಎಂದರೆ ಯಾರು? ಆ ಗೂಡಂಗಡಿಯವಳು ಸಾರ್ವಜನಿಕರಲ್ಲವೇ?”

ಹಾಳೆ ಹರಿದು ಮತ್ತೆ ಬರೆದೆ: ‘ತಿರುವಿನಲ್ಲಿ ಕಾರು ನಿಲ್ಲಿಸಲು ನಮಗೆ ಜಾಗ ಬೇಕಾಗಿರುವುದರಿಂದ, ಅಲ್ಲಿ ಚಹಾ ಮಾರುವ ಇಬ್ಬರು ಹೆಂಗಸರ ಅಂಗಡಿಗಳನ್ನು ತೆಗೆಸಬೇಕೆಂದು ಸಂಘದ ಸದಸ್ಯರಾದ ನಾವು ತೀರ್ಮಾನಿಸಿದ್ದೇವೆ.’ ಸಭೆಯಲ್ಲಿ ಇದನ್ನು ಓದಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಸಹಿಗಾಗಿ ಹಾಳೆ ಕೈಯಿಂದ ಕೈಗೆ ಹೋಯಿತು, ಮೂವರು ಸಹಿ ಹಾಕದೆ ಮುಂದಿನವರಿಗೆ ದಾಟಿಸಿದರು. ಮುಂದಿನ ಭಾನುವಾರದ ಸಭೆಗೆ ಆ ಇಬ್ಬರು ಹೆಂಗಸರನ್ನೂ ಕರೆಯಬೇಕೆಂದು ಅಧ್ಯಕ್ಷರು ಬರೆಸಿದರು.